ಮಲಗಿದಲ್ಲೇ ಇಟ್ಟಿಗೆ ಮಾಡಿದ ಮಾವ

ಮಾನ್ಯ ಶಿಬಿರಾಧಿಕಾರಿಗಳೇ,

ಎದ್ದು ಕೂರಲಾಗದ ಮುದುಕನಿಗೆ ‘ಉತ್ತಮ ಕೆಲಸಗಾರ’ ಎಂಬ ಬಿರುದು ಕೊಟ್ಟು ಕಲ್ಲುಕ್ವಾರಿಗೆ ಅಟ್ಟಿದ್ದೀರಿ. ಅಭಿನಂದನೆಗಳು. ಅವನನ್ನು ವಾಪಸು ಕರೆಸಿ ಎಂದು ಕೇಳುವುದಕ್ಕೇ ಈ ಪತ್ರ. ತಮ್ಮ ಕಚೇರಿಗೆ ಕೊಟ್ಟ ಅರ್ಜಿಗಳು ಎಲ್ಲಿ ತಣ್ಣಗೆ ನಿದ್ದೆ ಹೋಗಿವೆಯೋ ತಿಳಿಯದು, ಆದ್ದರಿಂದ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ತಮ್ಮ ಇಟ್ಟಿಗೆ ಶಿಬಿರದಲ್ಲಿ ಶಿಕ್ಷೆ ಮುಗಿಸಿ ಬಂದವನು. ತಾವು ತಪಾಸಣೆಗೆ ಬಂದಾಗಲೆಲ್ಲ ಮೂಗಿಗೆ ಕರವಸ್ತ್ರ ಹಿಡಿದು ಗೇಟಿನಲ್ಲೇ ನಿಲ್ಲುತ್ತಿದ್ದುದರಿಂದ ನಮ್ಮ ವೈಭೋಗ ಸರಿಯಾಗಿ ಕಂಡಿರಲಿಕ್ಕಿಲ್ಲ. ಬೆಳಗಾಗುವ ಮೊದಲೇ ಮಂಜಿನಂತೆ ಕೊರೆಯುವ ಕೆಸರನ್ನು ಬರಿಗಾಲಲ್ಲಿ ತುಳಿಯಬೇಕು, ಅಚ್ಚಿಗೆ ತುಂಬಬೇಕು, ಪ್ರತಿ ಹಸಿ ಇಟ್ಟಿಗೆಯ ಮೇಲೂ ಅವರವರ ಗುರುತು ಒತ್ತಬೇಕು. ಸಂಜೆ ಮೇಸ್ತ್ರಿ ಗುರುತು ನೋಡಿ ಎಣಿಸುತ್ತಾನೆ. ಇಟ್ಟಿಗೆ ಕಡಿಮೆಯಾದರೆ ಗಂಜಿ ಕಡಿಮೆ. ಗಂಜಿ ಕಡಿಮೆಯಾದರೆ ಮರುದಿನ ಇಟ್ಟಿಗೆ ಇನ್ನೂ ಕಡಿಮೆ. ಒಂದು ಗುಂಡೂ ಖರ್ಚಾಗದೆ ಮನುಷ್ಯನನ್ನು ಮುಗಿಸುವ ಈ ಏರ್ಪಾಟು ಯಾರ ತಲೆಯಲ್ಲಿ ಹೊಳೆಯಿತು ಸ್ವಾಮಿ? ಆ ತಲೆಗೆ ಸನ್ಮಾನವಾಯಿತೇ?

ನಮ್ಮ ಸಾಲಿನಲ್ಲಿದ್ದ ಮುದುಕ ದರ್ಜಿ ಎಲ್ಲರಿಗೂ ಮಾವ. ಅವನ ಗುರುತು, ಹೆಬ್ಬೆರಳಿನ ಒಂದು ಗುಳಿ. ಕೆಮ್ಮಿ ಕೆಮ್ಮಿ ಅವನು ನೆಲ ಹಿಡಿದಾಗ, ಗೈರುಹಾಜರಿ ಬೀಳದಿರಲೆಂದು ದಿನವೂ ಹೊತ್ತು ತಂದು ಒಣಗುವ ಇಟ್ಟಿಗೆಗಳ ಮರೆಯಲ್ಲಿ ಮಲಗಿಸುತ್ತಿದ್ದೆವು. ಅವನ ಗಂಜಿ ತಪ್ಪಬಾರದೆಂದು ನನ್ನ ಕೆಲವು ಇಟ್ಟಿಗೆಗಳ ಮೇಲೆ ಅವನ ಗುಳಿ ಒತ್ತಿದೆ, ಯಾರಿಗೂ ಹೇಳದೆ. ಪಕ್ಕದ ಬಡಗಿಯೂ ಒತ್ತಿದ, ಯಾರಿಗೂ ಹೇಳದೆ. ಆಚೆಯ ಗಾಡಿಯವನೂ, ಅವನಾಚೆಯವನೂ ಅಷ್ಟೇ. ಬಾಯಿಬಿಟ್ಟರೆ ಸಿಕ್ಕಿಬೀಳುವ ಭಯ ಎಲ್ಲರಿಗೂ. ಕೊನೆಗೆ ಎಣಿಸಿ ನೋಡಿದರೆ ಮಾವ ಮಲಗಿದಲ್ಲೇ ಇಡೀ ಶಿಬಿರವನ್ನು ಹಿಂದೆ ಹಾಕಿದ್ದ!

ತಾವು ಹಿರಿಹಿರಿ ಹಿಗ್ಗಿದಿರಿ. ಬಿರುದು ಬಂತು, ಅದರ ಬೆನ್ನಿಗೇ ಬಲಶಾಲಿಗಳಿಗೆ ಮೀಸಲಾದ ಕ್ವಾರಿಗೆ ವರ್ಗದ ಆದೇಶವೂ ಬಂತು. ಅವನಿಗೊಂದು ಆಸ್ಪತ್ರೆಯ ಹಾಸಿಗೆ ಕೇಳಲು ಹೋದರೆ ಶಿಬಿರದ ಡಾಕ್ಟರು, “ಉತ್ತಮ ಕೆಲಸಗಾರನಿಗೆ ಎಂಥಾ ಕಾಯಿಲೆ ರೀ? ಹೋಗ್ರಿ ಹೋಗ್ರಿ” ಎಂದರು. ಮಾವನ ಎರಡು ತೋಳು ಹಿಡಿದು ಲಾರಿಗೆ ಹತ್ತಿಸಬೇಕಾಯಿತು. ಅಷ್ಟರಲ್ಲೂ ನಗುತ್ತ ಬೈದ: “ಇಷ್ಟು ಜನದಲ್ಲಿ ಒಬ್ಬನಾದ್ರೂ ಸ್ವಾರ್ಥಿ ಇರಬಾರದಿತ್ತೇನ್ರೋ!” ನನಗೆ ಅಳು ತಡೆಯಲಾಗಲಿಲ್ಲ.

ನಡೆಯಲಾಗದವನನ್ನು ತೋಳು ಹಿಡಿದು ಹತ್ತಿಸುವಾಗಲೂ ತಮ್ಮವರಿಗೆ ಅನುಮಾನ ಬರಲಿಲ್ಲವೇ? ಬಂದಿದ್ದರೆ ಲೆಕ್ಕ ತಪ್ಪೆಂದು ಒಪ್ಪಬೇಕಾಗುತ್ತಿತ್ತಲ್ಲ! ಇರಲಿ, ಆ ಕಷ್ಟ ತಮಗೆ ಬೇಡ, ನಾನೇ ಒಪ್ಪುತ್ತೇನೆ. ಆ ಇಟ್ಟಿಗೆಗಳಲ್ಲಿ ಒಂದನ್ನೂ ಮಾವ ಮಾಡಿಲ್ಲ. ಯಾರ್ಯಾರು ಮಾಡಿದರೆಂದು ಒಳಗಿರುವವರನ್ನು ಪೀಡಿಸಬೇಡಿ. ಅಷ್ಟಕ್ಕೂ ನಾನೊಬ್ಬನೇ ಹೊಣೆ ಎಂದು ಬರೆದುಕೊಳ್ಳಿ, ಸಹಿ ಹಾಕಿಕೊಡುತ್ತೇನೆ. ಮಾವನನ್ನು ಇಂದೇ ಕ್ವಾರಿಯಿಂದ ಕರೆಸಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಸಿ, ಹೊಟ್ಟೆ ತುಂಬ ಗಂಜಿ ಕೊಡಿ. ಕ್ವಾರಿಯಲ್ಲಿ ಒಂದು ಆಳು ಕಡಿಮೆ ಬೀಳುತ್ತದೆಂದಾದರೆ ಚಿಂತೆ ಬೇಡ. ಗಂಟು ಕಟ್ಟಿಕೊಂಡು ತಮ್ಮ ಗೇಟಿನ ಮುಂದೆಯೇ ಕೂತಿದ್ದೇನೆ, ಬಾಗಿಲು ತೆಗೆಸಿ.

ಇಂತಿ,
ಬಿಡುಗಡೆಯಾಗಿಯೂ ಮನೆ ಸೇರದ
ತಮ್ಮ ಮಾಜಿ ಕೈದಿ