ಸಾರಿಗೆ ಒಂದು ಚೂರು ಬೆಲ್ಲ

ರೀ,

ನೀವು ಹೋದ ಮೇಲೆ ನಾನು ಮಾತೇ ಆಡುವುದಿಲ್ಲವೆಂದು ಮಗಳು ಇಲ್ಲಿ ಚೆನ್ನೈನ ಬೆಸೆಂಟ್ ನಗರದಲ್ಲಿ, ಮನೆಯವರನ್ನು ಕಳೆದುಕೊಂಡವರು ಸೇರುವ ಕಡೆಗೆ ನನ್ನನ್ನು ಕರೆದೊಯ್ದಳು. ಎಲ್ಲರೂ ಅತ್ತರು, ನನಗೆ ಆಕಳಿಕೆ ಬಂತು. ಬಂದವರಿಗೆ ಬೇಕಾದ ನೆರವು ಹೊಂದಿಸಿಕೊಡುವ ಪೂಂಗೊಡಿ ಎಂಬ ಹುಡುಗಿ, ನನ್ನ ಪಕ್ಕದವರಿಗೆ ಪೆನ್ಷನ್ ಅರ್ಜಿ ತುಂಬಿಕೊಡಲು ಒಬ್ಬರನ್ನು ಗೊತ್ತುಮಾಡಿ, ನನ್ನತ್ತ ತಿರುಗಿ, "ಉಂಗಳುಕ್ಕು ಎನ್ನ ವೇಣುಂ, ಅಮ್ಮಾ?" ಎಂದು ನನಗೇನು ಬೇಕೆಂದು ತಮಿಳಿನಲ್ಲಿ ಕೇಳಿದಳು. ಕನ್ನಡದಲ್ಲಿ ಜಗಳವಾಡಲು ಒಬ್ಬರು ಬೇಕು ಎಂದೆ. ನಗಲಿಲ್ಲ, ಬರೆದುಕೊಂಡಳು.

ಈಗ ಪ್ರತಿ ಗುರುವಾರ ಅವಳು ಹುಡುಕಿಕೊಟ್ಟ ನೀರಜಾ ಮನೆಗೆ ಬರುತ್ತಾರೆ, ಕನ್ನಡದವರು, ಬ್ಯಾಂಕಿನಿಂದ ನಿವೃತ್ತರಾದವರು. ಇವತ್ತು ಒಲೆಯ ಮುಂದೆಯೇ ನಿಂತು, "ಏನ್ರೀ ಇದು, ಬೆಲ್ಲ ಇಲ್ದೆ ಸಾರಾ?" ಎಂದರು. ನಲವತ್ತು ವರ್ಷ ನೀವು ಕೇಳಿದ್ದೂ ಅದನ್ನೇ. ಒಂದು ಗಂಟೆ ಜೋರಾಗಿ ವಾದಿಸಿದೆ, ಎಷ್ಟು ಹಾಯೆನಿಸಿತು! ಕೊನೆಗೆ ಅವರ ಬಾಯಿ ಮುಚ್ಚಿಸಲು ಒಂದು ಚೂರು ಬೆಲ್ಲ ಹಾಕಿದೆ.

ಚೆನ್ನಾಗೇ ಇತ್ತು ರೀ. ಅವರಿಗೆ ಹೇಳಲಿಲ್ಲ. ಮೊದಲು ನಿಮಗೆ ಹೇಳಬೇಕಿತ್ತು.