ನೀನು ಕಳಿಸಿದ ಗಾಳಿ

ಮನೆಯಿಂದ
ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ನಾನು ಚೆನ್ನಾಗಿದ್ದೇನೆ. ನೀನು ಹೋಗಿ ಮೂರು ವರ್ಷವಾದರೂ ಒಬ್ಬಳಿಗೆ ಅಡುಗೆ ಮಾಡುವ ಅಳತೆ ಕೈಗೆ ಹತ್ತಿಲ್ಲ. ಉಳಿದದ್ದನ್ನೇ ಮರುದಿನ ತಿನ್ನುತ್ತೇನೆ. ನಿನ್ನ ವಿಳಾಸ ಹೇಗೆ ಸಿಕ್ಕಿತೆಂದು ಹುಬ್ಬೇರಿಸಬೇಡ, ಹೇಳುತ್ತೇನೆ.

ಸೋಮವಾರ ನಮ್ಮ ಪ್ರಯೋಗಾಲಯಕ್ಕೆ ಒಂದು ಬಣ್ಣದ ಕಾರ್ಖಾನೆಯಿಂದ ಗಾಳಿಯ ಮಾದರಿ ಬಂತು, ಗಾಳಿಯಲ್ಲಿನ ಆವಿಯನ್ನು ಹೀರಿಟ್ಟುಕೊಳ್ಳುವ ಇದ್ದಿಲು ತುಂಬಿದ ಆರು ಪುಟ್ಟ ಗಾಜಿನ ಕೊಳವೆಗಳು. ಅವಕ್ಕೆ ಅಂಟಿಸಿದ ಚೀಟಿ ನೋಡಿ ಕೈ ನಿಂತುಹೋಯಿತು. ಏಳರ ಅಂಕಿಯನ್ನು ಹಾಗೆ ನಡು ಮುರಿದು ಬರೆಯುವವನು ನೀನೊಬ್ಬನೇ. ಜೊತೆಗಿದ್ದ ಅರ್ಜಿಯಲ್ಲಿ ನಿನ್ನ ಹೆಸರು, ವಿಳಾಸ ಎರಡೂ ಇದ್ದವು. "ನಿನ್ನ ಕೈಲಿ ಒಂದು ಕೆಲಸಾನೂ ನೆಟ್ಟಗಾಗಲ್ಲ" ಎಂದು ಅಂದು ನಾನು ಅಂದದ್ದಕ್ಕೇ ಅಲ್ಲವೇ ನೀನು ಮನೆ ಬಿಟ್ಟದ್ದು? ಆರೂ ಚೀಟಿಯಲ್ಲಿ ದಿನ, ಹೊತ್ತು, ಜಾಗ ಎಲ್ಲ ನೆಟ್ಟಗಿತ್ತು.

ನನ್ನ ಯಂತ್ರ ನಿನಗೆ ನೆನಪಿರಬಹುದು. ಕೂದಲೆಳೆಯಂಥ ಕೊಳವೆಯ ಮೂವತ್ತು ಮೀಟರಿನ ಸುರುಳಿ, ಒಳಗೋಡೆಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಪಾಲಿಮರ್ ಲೇಪ. ಆವಿಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಲೇಪ ಯಾವುದನ್ನು ಹೆಚ್ಚು ಹಿಡಿದುಕೊಳ್ಳುತ್ತದೋ ಅದು ತಡವಾಗಿ ಹೊರಬೀಳುತ್ತದೆ, ಒಂದೊಂದಕ್ಕೂ ಕಾಗದದ ಗೆರೆಯಲ್ಲಿ ಶಿಖರದಂತೆ ಎದ್ದ ಒಂದೊಂದು ಪೀಕ್. ದಿನಬಳಕೆಯ ಸಿಲಿಕೋನ್ ಲೇಪದಲ್ಲಿ ನಿಮ್ಮ ದ್ರಾವಕ ಸೈಕ್ಲೋಹೆಕ್ಸೇನಿನ ಒಂದೇ ಪೀಕ್ ಬಂತು, ಆದರೆ ಅದರ ಒಂದು ಪಕ್ಕ ಸ್ವಲ್ಪ ಉಬ್ಬಿತ್ತು. "ಅವರು ಕೇಳಿರೋದು ಅದೊಂದನ್ನೇ, ಬರೆದು ಕಳಿಸಿಬಿಡಿ" ಎಂದರು ಮುಖ್ಯಸ್ಥರು. ಬೇರೆ ಯಾರದೋ ಕೈಬರಹವಾಗಿದ್ದರೆ ಕಳಿಸಿಬಿಡುತ್ತಿದ್ದೆನೋ ಏನೋ.

ಮರುದಿನ ಗ್ಲೈಕಾಲ್ ಲೇಪದ ಸುರುಳಿ ಹಾಕಿದೆ. ಸೈಕ್ಲೋಹೆಕ್ಸೇನ್ ಬೇಗ ದಾಟಿಹೋಯಿತು. ಅದರ ಮರೆಯಲ್ಲಿದ್ದ ಇನ್ನೊಂದನ್ನು ಈ ಲೇಪ ತಡೆದು ನಿಲ್ಲಿಸಿಕೊಂಡು, ಆಮೇಲೆ ಬಿಟ್ಟಿತು. ಬೆಂಜೀನ್. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿಗೆ ಕುದಿಯುವಂಥವು, ಅದಕ್ಕೇ ಸಿಲಿಕೋನಿಗೆ ಅವನ್ನು ಬಿಡಿಸಲಾಗಲಿಲ್ಲ. ಮುಖ್ಯಸ್ಥರು ಕನ್ನಡಕ ತೆಗೆದು "ಇನ್ನೊಂದ್ಸಲ ಓಡಿಸಿ" ಎಂದರು. ಮೂರು ಸಲ ಓಡಿಸಿದೆ. ಶುಕ್ರವಾರ ವರದಿಗೆ ಸಹಿ ಹಾಕಿದರು.

ಮನೆಗೆ ಬಂದು ಯಾರಿಗಾದರೂ ಹೇಳೋಣವೆಂದರೆ ಇರುವುದು ನಾಲ್ಕು ಗೋಡೆ. ಪಕ್ಕದ ಮನೆಯ ದರ್ಜಿಯಮ್ಮ ನಿನ್ನನ್ನು ಕೇಳುತ್ತಿರುತ್ತಾರೆ. "ಕಾಗದ ಬರೆದಿದ್ದಾನೆ, ಆರಾಮಾಗಿದ್ದಾನಂತೆ" ಎಂದು ಸುಳ್ಳು ಹೇಳುತ್ತೇನೆ. ಅಂದು ನಿನಗೆ ಆ ಮಾತು ನಾನು ಆಡಬಾರದಿತ್ತು, ತಮ್ಮಾ.

ನೂರು ಕಾಲ ಬಾಳು.

ನಿನ್ನ
ಅಕ್ಕ

ಮತ್ತೆ: ವರದಿ ನಿಮ್ಮ ಮಾಲೀಕರ ಕೈ ಸೇರಲು ವಾರ ಬೇಕು; ಅವರು ನಿಮಗೆ ಹೇಳುತ್ತಾರೋ ಇಲ್ಲವೋ. ತೊಟ್ಟಿ ತೊಳೆಯುವ ಕೋಣೆಯಲ್ಲಿ ಬೆಂಜೀನ್ ಮಿತಿಗಿಂತ ಹನ್ನೊಂದು ಪಟ್ಟು ಇದೆ. ಅದು ರಕ್ತವನ್ನೇ ಕೆಡಿಸುತ್ತದೆ. ಇದನ್ನು ಓದಿದ ಗಳಿಗೆಯಿಂದ ಅಲ್ಲಿಗೆ ಕಾಲಿಡಬೇಡ, ಜೊತೆಯವರನ್ನೂ ಒಳಗೆ ಹೋಗಗೊಡಬೇಡ. ನಾನು ಬರೆದದ್ದು ತಿಳಿದರೆ ನನ್ನ ಕೆಲಸ ಹೋಗುತ್ತದೆ, ಹೋಗಲಿ. ರಕ್ತ ಪರೀಕ್ಷೆ ಮಾಡಿಸು. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಆ ವರದಿಯನ್ನು ಮಾತ್ರ ನನಗೆ ಕಳಿಸು.