ಕಣ್ಣಿನ ಡಾಕ್ಟರ್ ಮಧ್ಯಾಹ್ನಕ್ಕ ಹೋಗ್ತಾರ

ರೀ,

ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೀನಿ. ಒಲಿ ಹಚ್ಚಬ್ಯಾಡ್ರಿ, ನಿನ್ನಿ ಕೈ ಸುಟ್ಕೊಂಡಿದ್ದು ಸಾಕು.

ನಮ್ಮ ಚರ್ಚಿನ ಬ್ಯಾಸಗಿ ಸೇವಾ ವಾರ ಇವತ್ತಿಗೆ ಮುಗೀತದ. ಕಣ್ಣಿನ ಡಾಕ್ಟರ್ ಮಧ್ಯಾಹ್ನಕ್ಕ ಹೋಗಿಬಿಡ್ತಾರ. ಮತ್ತ ಬರೂದು ಮುಂದಿನ ವರ್ಷ.

‘ನಾನು ಚರ್ಚಿನ ಸಭಾ ಹಿರಿಯ; ಹಿರಿಯರು ಸೇವಾ ಮಾಡಬೇಕು, ತೊಗೋಬಾರದು’ ಅಂತೀರಿ. ತೆಂಗಳಿ, ವಾಡಿಯಿಂದ ಬಂದ ಮುದುಕರ ಕೈ ಹಿಡಿದು ವಾರಪೂರ್ತಿ ನಾನೇ ಕಣ್ಣು ತೋರಿಸೋ ಸಾಲಿನ್ಯಾಗ ನಿಂದ್ರಿಸೀನಿ. ನನ್ನ ಗಂಡ ಮಾತ್ರ ಮನ್ಯಾಗ ಗ್ವಾಡಿ ಹಿಡಿದು ನಡೀತಾನ!

ಐತಾರ ಚರ್ಚಿನ್ಯಾಗ ಗೀತದ ಪುಸ್ತಕ ತಲಿಕೆಳಗ ಹಿಡಿದು ಹಾಡಿದ್ರಿ. ಎಲ್ಲಾರೂ ನೋಡ್ಯಾರ, ಯಾರೂ ಬಾಯಿ ಬಿಟ್ಟಿಲ್ಲ.

ನಿಮ್ಮ ಕಾಲು ಬೀಳ್ತೀನಿ, ಚರ್ಚಿಗೆ ಬರ್ರಿ.

ಭಾಳ ದೊಡ್ಡ ಅಕ್ಷರದಾಗ ಬರದೀನಿ. ಇದನ್ನೂ ಬಾಜೂಮನಿ ಚೌಡೇಶನೇ ನಿಮಗ ಓದಿ ಹೇಳಾಕತ್ತಿದ್ರ, ಅವನ ಕೈ ಹಿಡ್ಕೊಂಡು ಬಂದುಬಿಡ್ರಿ.

ಸುಗಂಧಾ